ಇನ್ನೊಂದು ತುದಿ

ನೇಕಾರರ ಊರಾದ ನೆಗಮದ ನಮ್ಮ ಮನೆಯಲ್ಲಿ ಅಮಾವಾಸ್ಯೆ ಬಂದರೆ ಮಗ್ಗಕ್ಕೆ ರಜೆ. ಅದೇ ದಿನ ಒಲೆಯ ಮೇಲೆ ಮೀನು ಇಡುವಂತಿಲ್ಲ. ಆದರೂ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಗಾಳ ಹಿಡಿದು ಅಮರಾವತಿ ಅಣೆಕಟ್ಟಿಗೆ ಹೊರಡುತ್ತಿದ್ದ. ಸಿಕ್ಕ ಮೀನನ್ನು ದಡದಲ್ಲಿ ಯಾರಿಗಾದರೂ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಇದೆಂಥ ಚಪಲ ಎಂದು ಕೇಳುವುದನ್ನು ಅಮ್ಮ ಬಿಟ್ಟೇಬಿಟ್ಟಿದ್ದಳು.

ಎಂಬತ್ತರ ದಶಕದ ಒಂದು ತಮಿಳು ಮಾಸಿ ತಿಂಗಳಲ್ಲಿ ನಾನೂ ಜೊತೆಗೆ ಹೋಗಿದ್ದೆ. ಮದುವೆಯಾಗಿ ಕೆಲವು ವರ್ಷಗಳಾಗಿದ್ದವು, ತವರಿಗೆ ಬಂದಿದ್ದೆ. ಚಳಿ ಹೋಗಿ ನೀರು ಬೆಚ್ಚಗಾಗುತ್ತಿತ್ತು. ಈಗ ದೊಡ್ಡ ಮೀನು ದಡಕ್ಕೆ ಬರುತ್ತವೆ ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿದ್ದ. ಬಿಸಿಲೇರುವವರೆಗೆ ಒಂದೂ ಬರಲಿಲ್ಲ. ನನಗೆ ಹಸಿವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ಆಮೇಲೆ ಏನೋ ಭಾರವಾದದ್ದು ಕಚ್ಚಿತು. ಬಿದಿರುಕೋಲು ನೀರಿನ ತನಕ ಬಾಗಿತು. ಅಪ್ಪ ಎಳೆದ, ಅದೂ ಎಳೆಯಿತು, ನೈಲಾನ್ ದಾರ ಪಟ್ಟೆಂದು ಕಡಿಯಿತು.

ಅಪ್ಪ ಬೈಯಲಿಲ್ಲ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಕಡಿದ ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದ. ಮಗ್ಗದ ಮುಂದೆ ಕೂತು ಕಡಿದ ಎಳೆಗೆ ಮುಡಿಚ್ಚು, ಅಂದರೆ ಗಂಟು, ಹಾಕುವಾಗ ಮಾಡುವಂತೆಯೇ ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡ. ಹಾಗೇ ಮಂಡಿಯವರೆಗೆ ಇಳಿದು, ಬಗ್ಗಿ, ನೀರಿನಲ್ಲಿ ಕೈಯಾಡಿಸತೊಡಗಿದ.

"ಏನಪ್ಪಾ ಹುಡುಕ್ತಾ ಇದ್ದೀ?" ಎಂದೆ.

"ಇರಮ್ಮಾ," ಎಂದ, ತಲೆಯೆತ್ತದೆ. "ಇನ್ನೊಂದು ತುದಿ ಇಲ್ಲೇ ಎಲ್ಲೋ ಇರ್ತದೆ. ಸಿಕ್ಕಿದ್ರೆ ಎರಡನ್ನೂ ಸೇರ್ಸಿ ಮುಡಿಚ್ಚು ಹಾಕ್ಬಿಡ್ತೀನಿ."