ನಲವತ್ತೊಂದನೆಯ ಶಬ್ದ

ಬೀದಿಯ ಮಕ್ಕಳು ಅವನಿಗೆ ಇಟ್ಟ ಹೆಸರು ಟುಂಯ್ ಮಾಮ. ಹಗಲೆಲ್ಲ ಕಿವಿಯ ಮೆಷಿನ್ನಿನ ಅಂಗಡಿಯಲ್ಲಿ ಕೂತು ಕಿವುಡರಿಗೆ ಟುಂಯ್ ಅನ್ನಿಸುವುದು, ಸಂಜೆ ಮನೆಗೆ ಬಂದು ತನಗೆ ತಾನೇ ಟುಂಯ್ ಅನ್ನಿಸಿಕೊಳ್ಳುವುದು, ಇಷ್ಟೇ ಅವನ ಬದುಕು. ಅಂಗಡಿಯ ಹಿಂಭಾಗದಲ್ಲಿ ಮೆತ್ತನೆಯ ಗೋಡೆಗಳ ಒಂದು ಗೂಡಿತ್ತು. ಜನರನ್ನು ಅದರೊಳಗೆ ಕೂರಿಸಿ, ಹೆಡ್‌ಫೋನು ತೊಡಿಸಿ, "ಶಬ್ದ ಕೇಳಿಸಿದಾಗ ಗುಂಡಿ ಒತ್ತಿ" ಅನ್ನುತ್ತಿದ್ದ. ಒತ್ತಿದ್ದು, ಒತ್ತದೆ ಬಿಟ್ಟದ್ದು ಎಲ್ಲ ಸೇರಿ ಕಾಗದದ ಮೇಲೆ ಒಂದು ಗೆರೆಯಾಗುತ್ತಿತ್ತು. ಆ ಗೆರೆ ನೋಡಿ ಮೆಷಿನ್ನಿನ ಪುಟ್ಟ ಸ್ಕ್ರೂ ತಿರುಗಿಸುತ್ತಿದ್ದ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ.

ಮಹಡಿ ಮೇಲಿನ ಮನೆ, ಎರಡೇ ಕೋಣೆ. ದೊಡ್ಡದು ಸಿಂಥಸೈಜರುಗಳಿಗೆ, ಚಿಕ್ಕದು ಹೆಂಡತಿಗೆ. ಕರೆಂಟಿನಿಂದಲೂ ಹಾಡು ಹುಟ್ಟಿಸಬಹುದು ಎಂದು ಜನ ಆಗತಾನೇ ಕಂಡುಕೊಂಡಿದ್ದ ಕಾಲದ ಕೀಬೋರ್ಡುಗಳು ಗೋಡೆಯುದ್ದಕ್ಕೂ ನಿಂತಿದ್ದವು. ಎದುರು ಗೋಡೆಗೆ ಅದೇ ಕಾಲದ ಎಲೆಕ್ಟ್ರಾನಿಕ್ ಪಾಪ್ ರೆಕಾರ್ಡುಗಳು, ಸಾವಿರದ ಚಿಲ್ಲರೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಹೆಂಡತಿ ಒಗೆದ ಬಟ್ಟೆಯನ್ನು ಆ ಕಡೆ ಹಾಯಿಸುವಂತಿರಲಿಲ್ಲ, ತೇವ ತಗಲುತ್ತದಂತೆ.

ಅವನಂಥ ಹುಚ್ಚರು ಊರಲ್ಲಿ ಇನ್ನೂ ಐದಾರು ಮಂದಿ ಇದ್ದರು. ಅವರದೇ ಒಂದು ಮಡಿ. ಹಳೆಯ ಸಿಂಥಸೈಜರಿನ ನೆನಪಿನಲ್ಲಿ ಅರವತ್ತನಾಲ್ಕು ಶಬ್ದ ಹಿಡಿಯುತ್ತವೆ. ಕಾರ್ಖಾನೆಯಿಂದ ಬರುವಾಗ ಇದ್ದ ಶಬ್ದಗಳೇ ಇದ್ದರೆ ಅದು ಅಸಲು. ಆಮೇಲೆ ಬಾರಿಸಿದವರು ಅವನ್ನು ತಿದ್ದಿ ತಮ್ಮದೇನಾದರೂ ತುಂಬಿಸಿದ್ದರೆ ಅದು ಎಂಜಲು. ಹೌದು, ಆ ಮಾತನ್ನೇ ಬಳಸುತ್ತಿದ್ದರು. ಯಂತ್ರ ಮನೆಗೆ ಬಂದೊಡನೆ ಮೊದಲ ಕೆಲಸ ಎಂಜಲು ತೊಳೆಯುವುದು. ರೆಕಾರ್ಡಿಗೂ ಅದೇ ನ್ಯಾಯ. ಸೂಜಿ ತಾಗಿದ್ದು ಎರಡನೇ ದರ್ಜೆ, ಪ್ಲಾಸ್ಟಿಕ್ ಹೊದಿಕೆ ಹರಿಯದ್ದು ದೇವರು.

ಟುಂಯ್ ಮಾಮನ ಹತ್ತಿರ ಅಂಥ ದೇವರು ಒಂದೇ ಇತ್ತು. ಅದೇ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಕೀಬೋರ್ಡ್ ವಾದಕರಿದ್ದರು. ಪ್ರಾಯದಲ್ಲಿ ಇಬ್ಬರು ಗೆಳೆಯರ ಜೊತೆ ಅವರು ಒಂದೇ ಒಂದು ರೆಕಾರ್ಡು ಮಾಡಿದ್ದರು. ಆಗ ಯಾರೂ ಮೂಸಿ ನೋಡಲಿಲ್ಲ. ಈಗ ಅದಕ್ಕಾಗಿ ಹುಚ್ಚರು ಬಾಯಿ ಬಾಯಿ ಬಿಡುತ್ತಿದ್ದರು. ಹೊದಿಕೆ ಹರಿಯದ ಪ್ರತಿ ಇದ್ದದ್ದು ಇವನೊಬ್ಬನ ಬಳಿ. ಆ ರೆಕಾರ್ಡಿನಲ್ಲಿ ಬಾರಿಸಿದ ಯಂತ್ರದ ಮೇಲೂ ಇವನು ಇಪ್ಪತ್ತು ವರ್ಷದಿಂದ ಕಣ್ಣಿಟ್ಟಿದ್ದ. ವಾದಕರಿಗೆ ಸಿಕ್ಕಾಗಲೆಲ್ಲ ಹಲ್ಲು ಕಿರಿದು, "ಆರೋಗ್ಯನಾ ಸಾರ್?" ಅನ್ನುತ್ತಿದ್ದ. ಕೇಳುತ್ತಿದ್ದದ್ದು ಯಾವ ಉತ್ತರ ಬರಲಿ ಎಂದು, ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ತೀರಿಹೋದ ಮೂರು ತಿಂಗಳಿಗೆ ಅವರ ಹೆಂಡತಿ ಯಂತ್ರ ಹೊರಿಸಿಕೊಂಡು ತಾವಾಗಿಯೇ ಇವನ ಮನೆಗೆ ಬಂದರು. ನಲವತ್ತು ವರ್ಷ ಲೆಕ್ಕ ಕಲಿಸಿದ ಟೀಚರಮ್ಮ. ಎರಡೂ ಕಿವಿಯಲ್ಲಿ ಮೆಷಿನ್ನು, ಅದನ್ನು ಕೂರಿಸಿಕೊಟ್ಟವನೂ ಇವನೇ.

"ನೋಡಪ್ಪ, ಮನೆ ಖಾಲಿ ಮಾಡ್ತಿದ್ದೀನಿ. ಮಳೆಗಾಲ ಕಳೆದ ಮೇಲೆ ತಂಗಿ ಊರಿಗೆ ಹೋಗೋದು. ಅವರ ಯಂತ್ರ ಆನ್ ಮಾಡಿದ್ರೆ ಬ್ಯಾಟರಿ ಮುಗೀತಾ ಬಂತು ಅಂತ ತೋರಿಸ್ತಿದೆ. ಅದು ಸತ್ತರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ ಅಂತ ಅವರು ಹೇಳ್ತಿದ್ರು. ಇದೆಲ್ಲ ಗೊತ್ತಿರೋನು ನೀನೊಬ್ಬನೇ. ಯಂತ್ರ ನೀನೇ ಇಟ್ಕೋ. ನಲವತ್ತೊಂದನೇ ಶಬ್ದ ಒಂದು ಉಳಿಸಿಕೊಡು, ಅಷ್ಟೇ. ಊರು ಬಿಡೋ ತನಕ ಆಗಾಗ ಬಂದು ಕೇಳ್ತೀನಿ."

ಅವರೇ ನಲವತ್ತೊಂದನ್ನು ಹಾಕಿ ಒಂದು ಕೀ ಒತ್ತಿ ತೋರಿಸಿದರು. ಎಳೆಯಷ್ಟು ಸಣ್ಣಗೆ ಶುರುವಾದ ದನಿ, ಬಾಗಿಲು ತೆರೆದುಕೊಂಡ ಹಾಗೆ ಅಗಲವಾಗುತ್ತ ಹೋಗಿ, ಕೊನೆಯಲ್ಲಿ ತುಸು ನಡುಗಿ ನಿಂತಿತು.

"ನಾನು ಸ್ಕೂಲಿಂದ ಬಂದು ಗೇಟು ತೆಗೆದ ತಕ್ಷಣ ಇದನ್ನ ಒತ್ತೋರು. ಮೂವತ್ತು ವರ್ಷ. ನಂಗೇ ಅಂತ ಮಾಡಿದ್ದು."

"ಚಿಂತೆ ಬಿಡಿ ಟೀಚರಮ್ಮಾ, ನನ್ನ ಕಣ್ಣಿನ ಹಾಗೆ ನೋಡ್ಕೋತೀನಿ," ಅಂದ.

ಶಬ್ದಗಳನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಬ್ಯಾಟರಿ ಬದಲಿಸಿ, ಮತ್ತೆ ತುಂಬಿಸಲು ಹತ್ತು ನಿಮಿಷ ಸಾಕು. ಕ್ಯಾಸೆಟ್ಟು ಕೈಗೆಟಕುವಲ್ಲೇ ಇತ್ತು. ಆದರೆ ಭಾನುವಾರ ಆ ಐದಾರು ಮಂದಿ ಯಂತ್ರ ನೋಡಲು ಬರುವವರಿದ್ದರು. ಎಂಜಲು ಯಂತ್ರ ತೋರಿಸಿ ಮರ್ಯಾದೆ ಕಳೆದುಕೊಳ್ಳುವುದೇ? ಮುದುಕಿ ಒಂದೆರಡು ಸಲ ಬಂದಾಳು, ಆಮೇಲೆ ಮರೆತಾಳು ಅಂದುಕೊಂಡ. ಮುಚ್ಚಳ ಬಿಚ್ಚಿ, ಗುಂಡಿಯಂಥ ಹಳೆಯ ಬ್ಯಾಟರಿಯನ್ನು ಕಿತ್ತು, ಹೊಸದು ಹಾಕಿ, ಕಾರ್ಖಾನೆಯ ಕ್ಯಾಸೆಟ್ಟಿನಿಂದ ಅರವತ್ತನಾಲ್ಕೂ ಅಸಲು ಶಬ್ದಗಳನ್ನು ತುಂಬಿಸಿದ. ಒಬ್ಬ ಮನುಷ್ಯನ ಮೂವತ್ತು ವರ್ಷ ತಟ್ಟೆ ತೊಳೆದ ನೀರಿನಂತೆ ಹರಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅವರ ಶಬ್ದ?" ಎಂದು ಕೇಳಿದಳು. "ಸುಮ್ನಿರೇ, ನಿಂಗೇನು ಗೊತ್ತಾಗುತ್ತೆ," ಅಂದ. ಭಾನುವಾರ ಬಂದವರು ಯಂತ್ರಕ್ಕೆ ಕೈ ಮುಗಿಯುವುದೊಂದು ಬಾಕಿ.

ಟೀಚರಮ್ಮ ಮರೆಯಲಿಲ್ಲ. ಮುಂದಿನ ವಾರವೇ ಬಂದರು. ಅವರು ಗೇಟು ದಾಟುವಷ್ಟರಲ್ಲಿ ಇವನು ನೆನಪಿದ್ದಷ್ಟು ತಿರುಚಿ ನಲವತ್ತೊಂದರಲ್ಲಿ ಅಂಥದ್ದೇ ಏನೋ ಒಂದು ಮಾಡಿಟ್ಟಿದ್ದ. ಕೀ ಒತ್ತಿದ.

"ಇದಲ್ಲಪ್ಪ."

"ಇದೇ ಟೀಚರಮ್ಮಾ."

"ಅಲ್ಲ. ಕೊನೇಲಿ ನಡುಗಬೇಕು."

ಇಲ್ಲಿ ಅವನು ನಿಜ ಹೇಳಿ ಕಾಲಿಗೆ ಬಿದ್ದಿದ್ದರೆ ಟೀಚರಮ್ಮ ಅತ್ತು ಕ್ಷಮಿಸುತ್ತಿದ್ದರು, ಅಂಥ ಜೀವ ಅದು. ಅವನಿಗೆ ಬೇರೆಯೇ ದಾರಿ ಕಂಡಿತು. ಮುಖದಲ್ಲಿ ಮರುಕ ತಂದುಕೊಂಡು, "ನಡುಗ್ತಾ ಇದೆ. ನಿಮಗೆ ಕೇಳಿಸ್ತಿಲ್ಲ. ಕಿವಿ ಇನ್ನಷ್ಟು ಇಳಿದಿರಬೇಕು, ನಾಳೆ ಅಂಗಡಿಗೆ ಬನ್ನಿ," ಅಂದ.

ಮರುದಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದ. ಗೆರೆ ಹೋದ ವರ್ಷ ಇದ್ದ ಹಾಗೇ ಇತ್ತು. ಲೆಕ್ಕದ ಟೀಚರಿಗೆ ಗ್ರಾಫು ಓದಲು ಬರುವುದಿಲ್ಲವೇ?

"ಮೊದಲಿನ ಥರಾನೇ ಇದೆಯಲ್ಲ?"

"ಗೆರೆ ಅದೇ, ಟೀಚರಮ್ಮಾ. ಒಳಗಿನ ನರ ಸೋತಿದೆ. ಅದು ಕಾಗದದಲ್ಲಿ ಬರಲ್ಲ."

ಟೀಚರಮ್ಮ ನಂಬಿದರು. ಉತ್ತರ ತಪ್ಪಿದರೆ ಮೊದಲು ತಮ್ಮ ಲೆಕ್ಕವನ್ನೇ ಇನ್ನೊಮ್ಮೆ ನೋಡುವವರು ಅವರು. ಈ ಮಹಾಶಯ ಅಷ್ಟಕ್ಕೂ ಬಿಡದೆ, ಸರಿ ಮಾಡುವ ನೆಪದಲ್ಲಿ ಮೆಷಿನ್ನಿನ ಸ್ಕ್ರೂ ತಿರುಗಿಸಿ, ಸಣ್ಣ ಚೂಪು ದನಿಗಳೆಲ್ಲ ಮಂಕಾಗುವಂತೆ ಮಾಡಿದ. ಅವರಿಗೆ ವ್ಯತ್ಯಾಸ ತಿಳಿಯಬಾರದಲ್ಲ! ಅಂದಿನಿಂದ ಟೀಚರಮ್ಮನಿಗೆ ಹಕ್ಕಿಗಳು ನಿಂತುಹೋದವು. ಹಾಲಿನವನ ಗಂಟೆ ನಿಂತಿತು. ಪಕ್ಕದ ಮನೆಯವರ ಮಾತು ಕಂಬಳಿಯೊಳಗಿಂದ ಬಂದ ಹಾಗೆ ಬರುತ್ತಿತ್ತು.

ಆದರೂ ವಾರ ವಾರ ಬಂದು ಕೂತು ಕೇಳಿದರು. ಒಂದು ದಿನ ಸಂಕೋಚದಿಂದ, "ಅವರ ರೆಕಾರ್ಡಿನಲ್ಲೂ ಆ ಶಬ್ದ ಇದೆಯಪ್ಪ, ಎರಡನೇ ಮಗ್ಗುಲಿನ ಮೊದಲ ಹಾಡು. ನಮ್ಮದು ಯಾರೋ ತಗೊಂಡು ಹೋಗಿ ವಾಪಸ್ ಕೊಡಲಿಲ್ಲ. ನಿನ್ನ ಹತ್ರ ಇದೆಯಂತಲ್ಲ, ಒಂದೇ ಸಲ ಹಾಕ್ತೀಯಾ?" ಎಂದರು.

"ಅಯ್ಯೋ, ಅದಕ್ಕೆ ಗೀರು ಬಿದ್ದು ಹಾಳಾಗಿದೆ ಟೀಚರಮ್ಮಾ."

ಗೀರಂತೆ! ಅದು ಅವರ ತಲೆಯ ಮೇಲಿನ ಕಪಾಟಿನಲ್ಲೇ ಮಿರಿಮಿರಿ ಮಿಂಚುತ್ತ ಕೂತಿತ್ತು. ಅವರು ಹೋದ ಮೇಲೆ ಹೆಂಡತಿ, "ಒಂದು ಪ್ಲಾಸ್ಟಿಕ್ ಹರಿಯೋಕೆ ನಿಮಗೆ ಕೈ ಬರಲ್ವೇನ್ರೀ?" ಎಂದಳು.

ಮಳೆ ಕಳೆಯಿತು. ಊರು ಬಿಡುವ ದಿನ ಟೀಚರಮ್ಮ ಟ್ಯಾಕ್ಸಿಯನ್ನು ಕಿಟಕಿಯ ಕೆಳಗೆ ನಿಲ್ಲಿಸಿ ಮೇಲೆ ಬಂದರು. ಅವನು ಕೀ ಒತ್ತಿದ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎರಡೂ ಕಿವಿಯ ಮೆಷಿನ್ನು ಬಿಚ್ಚಿ ಯಂತ್ರದ ಮೇಲೆ, ಬಿಳಿ ಕೀಗಳ ಪಕ್ಕದಲ್ಲಿ ಇಟ್ಟರು.

"ಬೇರೆ ಯಾರಿಗಾದರೂ ಕೊಡಪ್ಪ. ಅವರು ಕರೆದದ್ದೇ ಕೇಳಿಸದ ಮೇಲೆ ಊರವರ ಮಾತು ಕೇಳಿಸ್ಕೊಂಡು ನಾನೇನು ಮಾಡಲಿ? ನೀನು ತುಂಬಾ ಕಷ್ಟಪಟ್ಟೆ. ತಪ್ಪು ನನ್ನ ಕಿವಿದೇ."

ಹೆಂಡತಿಗೆ ತಡೆಯಲಾಗಲಿಲ್ಲ. "ನಿಮ್ಮ ಕಿವಿ ಸರಿಯಾಗೇ ಇದೆ ಟೀಚರಮ್ಮಾ! ಇವರೇ ಅಳಿಸಿಹಾಕಿದ್ದು!" ಎಂದು ಕೂಗಿದಳು. ಟೀಚರಮ್ಮ ಅವಳ ಕೆನ್ನೆ ಸವರಿ ನಕ್ಕು, ಮೆಟ್ಟಿಲಿಳಿಯತೊಡಗಿದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಹೆಂಡತಿ ಅಡುಗೆಮನೆಯ ಚಾಕು ತಂದಳು. ಗಂಡ "ಏಯ್, ಏಯ್" ಅನ್ನುವಷ್ಟರಲ್ಲಿ ಕಪಾಟಿನಿಂದ ರೆಕಾರ್ಡು ಎಳೆದು, ಹೊದಿಕೆಯನ್ನು ಪರಪರನೆ ಸೀಳಿ, ಎರಡನೇ ಮಗ್ಗುಲಿಗೆ ಸೂಜಿ ಇಟ್ಟು, ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಕಿಟಕಿಯನ್ನು ಧಡಾರನೆ ತೆರೆದಳು.

ಎಳೆಯಷ್ಟು ಸಣ್ಣಗೆ ಶುರುವಾಯಿತು. ಬಾಗಿಲು ತೆರೆದುಕೊಂಡ ಹಾಗೆ ಅಗಲವಾಯಿತು. ಕೋಣೆ ತುಂಬಿ, ಕಿಟಕಿ ದಾಟಿ, ಬೀದಿಗೆ ಇಳಿಯಿತು. ಟ್ಯಾಕ್ಸಿಯ ಡ್ರೈವರು ತಲೆಯೆತ್ತಿ ನೋಡಿದ. ಎದುರು ಮನೆಯ ಹೆಂಗಸು ಹೊರಗೆ ಬಂದಳು. ಟೀಚರಮ್ಮ ಟ್ಯಾಕ್ಸಿಯ ಬಾಗಿಲ ಬಳಿ ನಿಂತು ತಮ್ಮ ಚೀಲಗಳನ್ನು ಎಣಿಸುತ್ತಿದ್ದರು. ಮೂರೂ ಇದ್ದವು. ಹತ್ತಿ ಕೂತರು. ದನಿ ಕೊನೆಯಲ್ಲಿ ತುಸು ನಡುಗುವ ಹೊತ್ತಿಗೆ ಡ್ರೈವರು ಬಾಗಿಲು ಹಾಕಿದ.

ಹೆಂಡತಿ ಮೆಷಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು ಬರಿಗಾಲಲ್ಲಿ ಗೇಟಿನವರೆಗೆ ಓಡಿದಳು. ಟ್ಯಾಕ್ಸಿ ಆಗಲೇ ತಿರುವು ದಾಟಿತ್ತು.

ತಿರುಗಿ ಬಂದಾಗ ರೆಕಾರ್ಡು ಇನ್ನೂ ಸುತ್ತುತ್ತಿತ್ತು. ಅವನು ನೆಲದ ಮೇಲೆ ಮಂಡಿಯೂರಿ, ಹರಿದ ಪ್ಲಾಸ್ಟಿಕ್ಕಿನ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಿದ್ದ.