ಸಮುದ್ರದ ಬಾಗಿಲಿನ ಸಂಖ್ಯೆ

ನನ್ನ ಅಕ್ಕನ ಮಗ ಮೈಸೂರಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕಥೆಯಾಟ ಆಡುತ್ತಾನೆ. ಒಬ್ಬನು ಕಾಲ್ಪನಿಕ ರಾಜ್ಯವೊಂದರ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ, ಅವರು ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಾನು ಹಳೇ ಹುಲಿ ಎಂದು ಅವನು ಸಲಹೆ ಕೇಳುತ್ತಾನೆ. ನಿಯಮ ಸ್ವಂತದ್ದಾಗಿರಲಿ, ರಾಕ್ಷಸರು ಕಡಿಮೆ ಇರಲಿ, ಊಟ ತಿಂಡಿ ಜಾಸ್ತಿ ಇರಲಿ ಎಂದೆಲ್ಲ ಕೊರೆಯುತ್ತೇನೆ. ಗೆಲ್ಲಲು ಬೇಕಾದ ಸಂಖ್ಯೆಯನ್ನು ಮಾತ್ರ ಮುಚ್ಚಿಡಬೇಡ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಮಾತು ತಿರುಗಿಸುತ್ತೇನೆ.

ತೊಂಬತ್ತರ ದಶಕದ ನಡುವೆ ರಿಯಾದ್‌ನ ಬತ್ಹಾ ಬಡಾವಣೆಯ ಒಂದು ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಒಬ್ಬರು ಕುಂದಾಪುರದ ಗುಮಾಸ್ತರು, ಇನ್ನೊಬ್ಬರು ಪುತ್ತೂರು ಕಡೆಯ ಎಲೆಕ್ಟ್ರಿಷಿಯನ್. ಊರಿಗೆ ಮರಳಿದ ಇಂಗ್ಲಿಷ್ ಸಹೋದ್ಯೋಗಿಯೊಬ್ಬ ನನಗೆ ಈ ಆಟದ ಪುಸ್ತಕ ಬಿಟ್ಟುಹೋಗಿದ್ದ. ಅರ್ಧ ಹಾಳೆಗಳೇ ಇರಲಿಲ್ಲ. ಇಲ್ಲದ್ದನ್ನೆಲ್ಲ ನಾನೇ ಹುಟ್ಟಿಸಿದೆ.

ದಾಳಕ್ಕೆ ಪುತ್ತೂರಿನವರು ಒಪ್ಪಲಿಲ್ಲ. "ಅದು ಜೂಜಾಗ್ತದೆ ಮಾರಾಯ್ರೆ, ಬೇರೆ ಎಂತಾದ್ರೂ ಮಾಡುವ" ಎಂದರು. ಚೌಕಾಬಾರದ ಕವಡೆ ನೆನಪಾಗಿ ನಾನು ಆರು ಖರ್ಜೂರದ ಬೀಜ ತೊಳೆದು ಒಣಗಿಸಿದೆ. ಸ್ಟೀಲ್ ತಟ್ಟೆಗೆ ಎಸೆದಾಗ ಎಷ್ಟು ಬೀಜ ಸೀಳು ಮೇಲಾಗಿ ಬಿದ್ದವೋ ಅಷ್ಟು ಅಂಕ. ಎಷ್ಟು ಬೇಕೆಂಬುದನ್ನು ನಾನು ಮೊದಲೇ ಚೀಟಿಯಲ್ಲಿ ಬರೆದು, ಎದುರು ನಿಲ್ಲಿಸಿದ ಆಫೀಸ್ ಫೈಲಿನ ಹಿಂದೆ ಇಟ್ಟಿರುತ್ತಿದ್ದೆ. ಈ ಮುಚ್ಚುಮರೆ ನನ್ನ ಸ್ವಂತ ಸಂಶೋಧನೆ. ಅದರ ಬಗ್ಗೆ ಜಂಬವೂ ಇತ್ತು.

ಶುಕ್ರವಾರ ಊಟವಾದ ಮೇಲೆ ಚಾಪೆ ಹಾಸಿ ಕೂರುತ್ತಿದ್ದೆವು. ಪುತ್ತೂರಿನವರ ಪಾತ್ರ ಒಬ್ಬ ಅಂಬಿಗ. ಅವನು ಕೋಟೆಯೊಳಗೆ ಸಿಕ್ಕಿಬಿದ್ದಿದ್ದ, ಅವನ ದೋಣಿ ಸಮುದ್ರದ ಬಾಗಿಲಿನ ಆಚೆ ಇತ್ತು. ಕುಂದಾಪುರದವರು ನಿಧಿ, ಮಾಟ ಎಂದು ಅಲೆಯುತ್ತಿದ್ದರೆ ಇವರಿಗೆ ಪ್ರತಿ ವಾರ ಒಂದೇ ಹಟ, ಬಾಗಿಲು ತೆಗೆಸಬೇಕು. ಕಾವಲುಗಾರನಿಗೆ ಮೀನು ಕೊಟ್ಟರು, ಅವನ ಮಗುವಿಗೆ ಮದ್ದು ತಂದರು, ಪದ ಹೇಳಿದರು. ಆಮೇಲೆ ಬೀಜ ಎಸೆಯುತ್ತಿದ್ದರು. ನಾನು ಫೈಲಿನ ಹಿಂದೆ ಇಣುಕಿ, "ಸಾಲದು, ಮುಂದಿನ ವಾರ ನೋಡೋಣ" ಎನ್ನುತ್ತಿದ್ದೆ.

ಪುತ್ತೂರಿನವರ ಮಗಳು ಊರಿನಲ್ಲಿ ಹುಟ್ಟಿ ಎಂಟು ತಿಂಗಳಾಗಿತ್ತು. ಅವರು ನೋಡಿದ್ದು ಫೋಟೋ ಮಾತ್ರ. ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಕಫೀಲ್, ಅಂದರೆ ವೀಸಾ ಕೊಟ್ಟ ಅಲ್ಲಿನ ಧಣಿ, ದೇಶ ಬಿಡಲು ಬೇಕಾದ ರಜೆಯ ಕಾಗದಕ್ಕೆ ಸಹಿ ಹಾಕದೆ ಅವರನ್ನು ವಾರದಿಂದ ವಾರಕ್ಕೆ ಅಲೆಸುತ್ತಿದ್ದ. ಒಂದು ಶುಕ್ರವಾರ ತಟ್ಟೆ ಒರೆಸುತ್ತ ಅವರೇ ಹೇಳಿದ್ದರು: "ನಗಬೇಡಿ ಆಯ್ತಾ. ಈ ಬಾಗಿಲು ತೆಗೆದ್ರೆ ನನ್ನ ಕಾಗದವೂ ಬರ್ತದೆ ಅಂತ ನಾನು ಮನಸ್ಸಲ್ಲಿ ಇಟ್ಕೊಂಡಿದ್ದೇನೆ." ನಾನು ನಗಲಿಲ್ಲ. ಚೀಟಿಯನ್ನು ಬದಲಿಸಲೂ ಇಲ್ಲ.

ಚೀಟಿಯಲ್ಲಿ ನಾನು ಬರೆದಿದ್ದು ಏಳು. ಇದ್ದ ಬೀಜ ಆರು. ಬಾಗಿಲಿನ ಆಚೆಗೆ ನಾನು ಏನನ್ನೂ ಯೋಚಿಸಿರಲಿಲ್ಲ, ಒಂದು ಊರಿಲ್ಲ, ಒಂದು ದಡವಿಲ್ಲ. ಅಂಬಿಗ ಹೊರಗೆ ಹೋದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಆ ಸೋಮಾರಿತನಕ್ಕೆ ಒಬ್ಬ ಮನುಷ್ಯನ ಆಸೆಯನ್ನು ಕಟ್ಟಿಹಾಕಿದ್ದೆ ಎಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಐದನೆಯದೋ ಆರನೆಯದೋ ವಾರ ಪುತ್ತೂರಿನವರು ಎಸೆದರು. ಆರಕ್ಕೆ ಆರೂ ಸೀಳು ಮೇಲಾಗಿ ಬಿದ್ದವು. ಕುಂದಾಪುರದವರು ಚಪ್ಪಾಳೆ ತಟ್ಟಿದರು. ಪುತ್ತೂರಿನವರು ನನ್ನ ಮುಖ ನೋಡುತ್ತಿದ್ದರು. "ಸಾಲದು" ಎಂದೆ. ಬಾಯಿಗೆ ಅಭ್ಯಾಸವಾಗಿತ್ತು.

ಅವರು ಮೆಲ್ಲನೆ ಕೈ ಚಾಚಿ ಫೈಲನ್ನು ಸರಿಸಿ ಚೀಟಿ ಓದಿದರು. ತಟ್ಟೆಯ ಬೀಜಗಳನ್ನು ಬೆರಳಿನಲ್ಲಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಬೈಯುತ್ತಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ.

"ಒಂದು ಬೀಜ ಎಲ್ಲಿಯೋ ಬಿದ್ದು ಹೋಗಿದೆ ಮಾರಾಯ್ರೆ" ಎಂದರು. "ಅದಕ್ಕೇ ಇಷ್ಟು ದಿನ ಆಗದ್ದು."

ಚಾಪೆ ಎತ್ತಿ ಕೊಡವಿದರು. ಟ್ರಂಕು ಸರಿಸಿದರು. ನಿಜ ಹೇಳಲು ಅಷ್ಟು ಹೊತ್ತು ಸಾಕಿತ್ತು. ನಾನು ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸಿ ಅವರ ಜೊತೆ ಹುಡುಕಿದೆ. ಬೀಜ ಮೊದಲಿನಿಂದಲೂ ಆರೇ ಎಂದು ಗೊತ್ತಿದ್ದ ಕುಂದಾಪುರದವರು ನನ್ನನ್ನು ಒಮ್ಮೆ ನೋಡಿ, ಚಹಾಕ್ಕೆ ನೀರಿಡಲು ಎದ್ದುಹೋದರು.

ಹುಡುಕಿ ಸಾಕಾಗಿ ಪುತ್ತೂರಿನವರು ಡಬ್ಬಿಯಿಂದ ಒಂದು ಖರ್ಜೂರ ತೆಗೆದು ತಿಂದರು. ಬೀಜವನ್ನು ಲುಂಗಿಯ ಅಂಚಿನಲ್ಲಿ ಚೆನ್ನಾಗಿ ಒರೆಸಿ, ಉಳಿದವುಗಳ ಜೊತೆ ತಟ್ಟೆಯಲ್ಲಿಟ್ಟರು.

"ಈಗ ಸರಿ ಆಯ್ತು. ನಾವೇ ಇಷ್ಟು ವಾರ ತಪ್ಪು ಆಡಿದ್ದು, ಅಲ್ವಾ?"

"ಹೌದು, ಇರಬೇಕು" ಎಂದೆ.