ಕಿಟಕಿ ಸೀಟಿನ ನೇರ ಗೆರೆ

ನಮ್ಮವ್ವ ವಿಮಾನ ಹತ್ತಿದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನೊಳಗೆ. ಆ ವಿಮಾನಕ್ಕೆ ರೆಕ್ಕೆ ಇರಲಿಲ್ಲ, ಮೂತಿ ಇರಲಿಲ್ಲ, ಚಕ್ರವೂ ಇರಲಿಲ್ಲ. ಹೊಟ್ಟೆ ಮಾತ್ರ ಇತ್ತು. ಅದರಲ್ಲಿ ಸುಮ್ಮನೆ ಕೂತೇ ಅವಳು ಸಾಯುವುದರಲ್ಲಿದ್ದಳು. ಹೀಗೆಂದರೆ ಜನ ಮೊದಲು ನಗುತ್ತಾರೆ. ನಕ್ಕವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನಾನು ಕೆಲಸ ಮಾಡುವುದು ವಿಮಾನದ ಸೀಟು ತಯಾರಿಸುವ ಕಂಪನಿಯಲ್ಲಿ. ಎಲ್ಲೋ ದೂರದೇಶದಲ್ಲಿ ಹೊಸದೊಂದು ದೊಡ್ಡ ವಿಮಾನ ತಯಾರಾಗುತ್ತಿತ್ತು. ಒಳಗೆ ಎರಡು ನಡುದಾರಿ, ಕಿಟಕಿಗಳ ಪಕ್ಕ ಎರಡೆರಡು ಸೀಟು, ಮಧ್ಯೆ ನಾಲ್ಕು. ಎಲ್ಲೂ ಇಳಿಯದೆ ಅರ್ಧ ಭೂಮಿ ಸುತ್ತುವಂಥದ್ದು. ಅದಿನ್ನೂ ಹಾರಿರಲಿಲ್ಲ, ಆದರೆ ಅದರ ಸೀಟು ನಮ್ಮ ಹತ್ತಿರ ಬಂದಿತ್ತು. ಅಷ್ಟು ದೂರ ಮನುಷ್ಯ ಅದರಲ್ಲಿ ಕೂರಬಲ್ಲನೇ ಎಂದು ನೋಡುವುದು ನಮ್ಮ ಪಾಲಿನ ಕೆಲಸ. ಅದಕ್ಕಾಗಿ ಶೆಡ್ಡಿನಲ್ಲಿ ವಿಮಾನದ ಒಳಭಾಗವನ್ನು ಹಾಗೇ ಕಟ್ಟಿ, ಬೆಳಗಿನ ಜಾವದಿಂದ ಹದಿನೇಳು ಗಂಟೆ ಜನರನ್ನು ಕೂರಿಸಬೇಕಿತ್ತು. ದಪ್ಪಗಿರುವವರು, ಸಣ್ಣಗಿರುವವರು, ವಯಸ್ಸಾದವರು, ಎಲ್ಲರೂ ಬೇಕು ಎಂದರು. ಊಟ ತಿಂಡಿ ಕೊಟ್ಟು ದಿನದ ಕೂಲಿಯನ್ನೂ ಕೊಡುತ್ತಾರೆಂದು ಸುದ್ದಿ ಹರಡಿ, ಹೆಮ್ಮರಗಾಲದಿಂದ ಮೂಗೂರಿನವರೆಗೂ ಜನ ಹೆಸರು ಬರೆಸಿದರು. ಅವ್ವನನ್ನು ಸೇರಿಸಿದವನು ನಾನೇ. ಗದ್ದೆ ಕೆಲಸದಲ್ಲೇ ಸವೆದ ಜೀವ, ಒಂದು ದಿನವಾದರೂ ಮೆತ್ತನೆಯ ಕುರ್ಚಿಯಲ್ಲಿ ಕೂರಲಿ ಎಂದು.

ಅವತ್ತು ನಡೆದ ಮೊದಲ ತಮಾಷೆ, ವಿಮಾನದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬರೂ ಮೆಟ್ಟಿಕೊಂಡು ಒಳಗೆ ಹೋಗಲಿಲ್ಲ. ವಿಮಾನದ ಕಂಪನಿಯಿಂದ ಬಂದಿದ್ದ ಪರದೇಶದ ಎಂಜಿನಿಯರು ಆ ರಾಶಿಯ ಫೋಟೋ ತೆಗೆದುಕೊಂಡ. ಎರಡನೆಯದು, ಸ್ವಲ್ಪ ಹೊತ್ತಿಗೇ ಎಲ್ಲರೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಪ್ರತಿ ಸೀಟಿನ ಅಡಿ ಭಾರ ಅಳೆಯುವ ಹಾಸು ಇತ್ತು. ಕೂತವರು ಅಲುಗಿದರೆ ನನ್ನ ಮುಂದಿನ ಪರದೆಯಲ್ಲಿ ಆ ಸೀಟಿನ ಗೆರೆ ಕುಣಿಯುತ್ತದೆ, ಎದ್ದು ಹೋದರೆ ಕೆಳಗೆ ಬೀಳುತ್ತದೆ. ಈ ಚಕ್ಕಳಮಕ್ಕಳಕ್ಕೆ ಗೆರೆಗಳೆಲ್ಲ ಹುಚ್ಚೆದ್ದು ಕುಣಿದವು. ಹಾಗೆ ಕೂರಬೇಡಿ ಎನ್ನುವಂತೆಯೂ ಇರಲಿಲ್ಲ. ಯಾರಿಗೂ ಏನೂ ಹೇಳಕೂಡದು, ಅವರಿಷ್ಟದಂತೆ ಬಿಡಬೇಕು ಎಂಬುದೇ ಆ ಪರೀಕ್ಷೆಯ ನಿಯಮ. ಊಟ ಕೊಡುವ ಹುಡುಗಿಯರನ್ನು ಬಿಟ್ಟರೆ ನಮ್ಮಂಥವರು ಒಳಗೆ ಕಾಲಿಡುವಂತಿರಲಿಲ್ಲ.

ಅವ್ವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅವಳಿಗೂ ನಡುದಾರಿಗೂ ಮಧ್ಯದ ಸೀಟಿನಲ್ಲಿ ಸೋಮನಾಥಪುರದ ಕಡೆಯ ಒಬ್ಬ ಹಿರಿಯರು. ರಿಟೈರಾದ ಸಂಸ್ಕೃತ ಮೇಷ್ಟ್ರು, ಊರಿನ ಚಿಕ್ಕ ಗುಡಿಯೊಂದರ ಪೂಜೆ ಅವರದೇ. ವಿಮಾನ ಹತ್ತುವ ಆಸೆ ಈ ರೀತಿಯಾದರೂ ತೀರಿತಲ್ಲ ಎಂದು ಶೆಡ್ಡಿಗೆ ಬರುವಾಗ ಬಸ್ಸಿನಲ್ಲೇ ಎಲ್ಲರಿಗೂ ಹೇಳಿ ನಗಿಸಿದ್ದರಂತೆ. ಬಲು ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ನನಗೆ ಅವರ ಮೇಲೆ ವಿಪರೀತ ಕೋಪ ಬರಲಿದೆ.

ತಿಂಡಿ ಆದ ಮೇಲೆ ಒಳಗೆ ದೀಪ ಆರಿಸಿದರು. ಹೊರಗೆ ಬಿಸಿಲೇರುತ್ತಿತ್ತು, ವಿಮಾನದೊಳಗೆ ಕತ್ತಲು. ದೂರದ ಪ್ರಯಾಣದಲ್ಲಿ ಹಾಗೇ ಮಾಡುತ್ತಾರಂತೆ. ಮೇಷ್ಟ್ರು ಸೀಟು ಹಿಂದಕ್ಕೆ ಬಾಗಿಸಿ, ಮುಂದಿನ ಸೀಟಿನ ಅಡಿಯವರೆಗೆ ಕಾಲು ಚಾಚಿ, ಪಂಚೆ ಹೊದ್ದು ಮಲಗಿಬಿಟ್ಟರು. ಮಧ್ಯೆ ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪರದೆಯಲ್ಲಿ ಒಂದೇ ಒಂದು ಗೆರೆ ಕುಣಿಯದೆ ನೆಟ್ಟಗೆ ಹೋಗುತ್ತಿತ್ತು. ಮಲಗಿದ್ದ ಮೇಷ್ಟ್ರ ಗೆರೆಯೂ ಅವರು ನಿದ್ದೆಯಲ್ಲಿ ಮಿಸುಕಿದಾಗಲೆಲ್ಲ ಕುಣಿಯುತ್ತಿತ್ತು. ಆ ಎಂಜಿನಿಯರು ಅದರ ಮೇಲೆ ಬೆರಳಿಟ್ಟು, ಈ ಸೀಟಿನಲ್ಲಿ ಯಾರಿದ್ದಾರೆ ಎಂದು ಕೇಳಿದ. ನಮ್ಮ ತಾಯಿ ಎಂದೆ. ಇಷ್ಟು ಹೊತ್ತು ಒಬ್ಬರು ಏಳದೆ, ಮಿಸುಕದೆ ಕೂತಿದ್ದಾರೆಂದರೆ ಸೀಟು ಗೆದ್ದಂತೆ ಎಂದು ಕೈ ಕುಲುಕಿದ. ನನಗೆ ಹೆಮ್ಮೆಯಾಯಿತು. ರಾತ್ರಿಯವರೆಗೂ ಆ ಗೆರೆಯನ್ನು ನೋಡುತ್ತಾ ಖುಷಿಪಟ್ಟೆ. ನಮ್ಮವ್ವ ಇಷ್ಟು ಆರಾಮಾಗಿ ಕೂತಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಪರೀಕ್ಷೆ ಮುಗಿದು ದೀಪ ಹಾಕಿದಾಗ ಜನ ಗಲಗಲ ಎನ್ನುತ್ತಾ ಚಪ್ಪಲಿ ಹುಡುಕಲು ಇಳಿದರು. ಮೇಷ್ಟ್ರು ಎದ್ದು ಮೈಮುರಿದು, ಊರು ಬಂತು ಏಳಮ್ಮ ಎಂದರು. ಅವ್ವ ಮುಂದಿನ ಸೀಟು ಹಿಡಿದು ಎದ್ದಳು, ಎದ್ದವಳೇ ಕುಸಿದಳು. ನಾನು ನಿಯಮ ಗಿಯಮ ಬಿಟ್ಟು ಒಳಗೆ ಓಡಿದೆ. ಎಡಗಾಲು ಬಾಳೆದಿಂಡಿನಂತೆ ಊದಿಕೊಂಡಿತ್ತು, ಮುಟ್ಟಿದರೆ ಬಿಗಿ. ಉಸಿರು ಸಿಗುತ್ತಿರಲಿಲ್ಲ. ಬೆವರುತ್ತಿದ್ದಳು. ನನ್ನನ್ನು ನೋಡಿ ಏನೋ ಹೇಳಹೊರಟು ಬಾಯಿ ಮಾತ್ರ ಆಡಿಸಿದಳು. ಆ ಸೀಟಿನಲ್ಲಿ ಇಷ್ಟು ಹೊತ್ತು ಎಲ್ಲವೂ ಚೆನ್ನಾಗಿತ್ತು, ನನ್ನ ಕಣ್ಣಾರೆ ನೋಡಿದ್ದೇನಲ್ಲ ಎಂದೇ ತಲೆಯಲ್ಲಿ ಓಡುತ್ತಿತ್ತು.

ಕಂಪನಿಯ ಗಾಡಿಯಲ್ಲೇ ಮೈಸೂರಿಗೆ ಕರೆದೊಯ್ದೆವು. ಆಸ್ಪತ್ರೆಯ ಡಾಕ್ಟರು ಕಾಲು ನೋಡಿ, ದೂರ ಪ್ರಯಾಣ ಮಾಡಿದ್ದಾರಾ ಎಂದು ಕೇಳಿದರು. ವಿಮಾನದಲ್ಲಿ ಕೂತಿದ್ದರು ಎಂದೆ. ಎಲ್ಲಿಂದ ಬಂದರು ಎಂದರು. ನಂಜನಗೂಡಿನಿಂದ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆ, ಉಳಿಯುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಒಂದೇ ಸಮ ಕೂತರೆ, ನೀರು ಕುಡಿಯದಿದ್ದರೆ ಹೀಗಾಗುತ್ತದಂತೆ. ಆಮೇಲೆ ಊಟ ಕೊಟ್ಟ ಹುಡುಗಿಯನ್ನು ವಿಚಾರಿಸಿದೆ. ನೀರು ಕೊಟ್ಟಾಗಲೆಲ್ಲ ಅವ್ವ ಬೇಡ ಎಂದು ಕೈಯಾಡಿಸುತ್ತಿದ್ದಳಂತೆ. ಕುಡಿದರೆ ಎದ್ದು ಹೋಗಬೇಕಾಗುತ್ತದಲ್ಲ.

ಅವ್ವ ಉಳಿದಳು. ಮಾತಾಡುವಷ್ಟು ಉಸಿರು ಬಂದ ಮೇಲೆ ನಾನು ಕೇಳಿದ ಮೊದಲ ಮಾತು, ಯಾಕೆ ಏಳಲಿಲ್ಲ ಎಂದು.

"ಅಯ್ನೋರು ಕಾಲ್ ಚಾಚ್ಕೊಂಡು ಮಲಗಿದ್ರಲ್ಲ. ಎಂಗ್ಲಾ ದಾಟ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ವಾರವಾರ ಬುದ್ಧ ವಿಹಾರಕ್ಕೆ ಹೋಗಿ ಪಂಚಶೀಲ ಹೇಳುವವಳು, ಯಾರಿಗೂ ತಲೆ ತಗ್ಗಿಸಬೇಡ ಎಂದು ನನ್ನನ್ನು ಓದಿಸಿದವಳು, ಪೂಜೆ ಮಾಡುವವರ ಕಾಲಿಗೆ ಹೆದರಿ ಪ್ರಾಣ ಬಿಡುವುದರಲ್ಲಿದ್ದಳಲ್ಲ. ನಾನು ಕೂಗಾಡಿದೆ, ನರ್ಸು ಬಂದು ಗದರಿದಳು. ಅವರು ಮೇಲಿನ ಜಾತಿಯವರೆಂದು ತಾನೇ ನೀನು ದಾಟದೆ ಇದ್ದದ್ದು, ಎಬ್ಬಿಸೋಕೂ ಬಾಯಿ ಬರಲಿಲ್ಲವಾ ಎಂದೆ. ನಿದ್ದೆಯಲ್ಲಿದ್ದವರನ್ನು ಎಬ್ಬಿಸೋದು ತಪ್ಪು ಎಂದಳು. ಆಮೇಲೆ ಉಸಿರು ಎಳೆದುಕೊಂಡು ಹೇಳಿದಳು.

"ನೀನು ಕೂಸಾಗಿದ್ದಾಗ ನಡುಮನೇಲಿ ಅಡ್ಡ ಮಲಗ್ತಿದ್ದೆ. ಕೊಡ ಒತ್ಕೊಂಡು ಸುತ್ತಾಕ್ಕೊಂಡೇ ಓಗ್ತಿದ್ದೆ ಕಣ್ಲಾ. ಒಂದಿನಾನೂ ನಿನ್ನ ದಾಟಿಲ್ಲ."

ಕೋಪ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಆ ಎಂಜಿನಿಯರಿಗೂ ವಿಷಯ ಹೇಳಿದೆ. ಅವನು ಬಿಳುಚಿಕೊಂಡು ನಕ್ಷೆ ತೆಗೆದು, ಕಾಲು ಎತ್ತಿ ದಾಟುವಷ್ಟು ಜಾಗ ಇಟ್ಟಿದ್ದೆವಲ್ಲ ಎಂದ. ಜಾಗ ಇತ್ತು. ಮಲಗಿದವರನ್ನು ದಾಟುವುದೆಂದರೆ ಏನೆಂದು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ವಾರ್ಡಿಗೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ಯಾರಿಂದಲೋ ಕಾರಣ ತಿಳಿದು, ತಿ. ನರಸೀಪುರದಿಂದ ಬಸ್ಸು ಹಿಡಿದು ಬಂದಿದ್ದರು. ಮುಖದಲ್ಲಿ ಜೀವವೇ ಇರಲಿಲ್ಲ. ಮಂಚದ ಕೆಳತುದಿಯಲ್ಲಿ ನಿಂತು, ಒಂದು ಮಾತು ಕೂಗಿದ್ದರೆ ಎದ್ದುಬಿಡುತ್ತಿದ್ದೆನಲ್ಲ ತಾಯಿ ಎಂದು ಮತ್ತೆ ಮತ್ತೆ ಅಂದರು. ಕಣ್ಣಲ್ಲಿ ನೀರಿತ್ತು.

ಅವ್ವ ಅವರ ಮಾತು ಕೇಳುತ್ತಿರಲಿಲ್ಲ. ಅವಳ ಊದಿದ ಕಾಲನ್ನು ದಿಂಬುಗಳ ಮೇಲೆ ಎತ್ತಿ ಇಟ್ಟಿದ್ದರು. ಇಳಿಸಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಪಾದ ನೇರವಾಗಿ ಮೇಷ್ಟ್ರ ಎದೆಯ ಕಡೆ ಇತ್ತು. ಅವ್ವ ಹಲ್ಲು ಕಚ್ಚಿ, ಹೊದಿಕೆಯೊಳಗೆ ಆ ಕಾಲನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು.

ನಾನು ಎದ್ದು ಅವಳ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸುಡುತ್ತಿತ್ತು. ಅಷ್ಟು ಸೊರಗಿದ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಬುಡ್ಲಾ," ಎಂದಳು ಮೆಲ್ಲಗೆ, "ಎದುರಿಗವ್ರೆ."

ನಾನು ಬಿಡಲಿಲ್ಲ. ಅವಳೂ ಎಳೆಯುವುದನ್ನು ಬಿಡಲಿಲ್ಲ.